ಬೆನ್ನ ಮೇಲಿನ ಅಂಗೈ

ಎಂಜಿನ್ನಿನಲ್ಲಿ ಕೆಟ್ಟ ಸದ್ದೇನೂ ಇರಲಿಲ್ಲ. ಆದರೂ ಅವಳು ಗಂಡನ ಬೆನ್ನ ಮೇಲಿನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು.

ಅವನು ತಕ್ಷಣ ಸೀಮೆಎಣ್ಣೆಯ ವಾಲ್ವ್ ತಿರುಗಿಸಿ ಮುಚ್ಚಿದ. ಬೆಂಚಿನ ಮೇಲೆ ಕಿರುಚುತ್ತಿದ್ದ ಪುಟ್ಟ ಎಂಜಿನ್ ದನಿ ಇಳಿಸುತ್ತಾ, ಇಳಿಸುತ್ತಾ, ಕೊನೆಗೆ ಬರೀ ಉಸಿರಾಯಿತು. ಬಾಲದ ತುದಿಯಲ್ಲಿದ್ದ ಕೆಂಪು ಆರಿ ಬೂದಿಬಣ್ಣಕ್ಕೆ ತಿರುಗಿತು. ಅವನು ಕನ್ನಡಕವನ್ನು ಹಣೆಗೇರಿಸಿ ಅವಳ ಕಡೆ ತಿರುಗಿದ.

"ಮತ್ತೆ ಬಂತಾ?"

"ಬಂತು."

"ಎಂಥಾ ಸದ್ದು?"

ಉತ್ತರ ಅವಳಲ್ಲಿ ತಯಾರಿತ್ತು. ಬೆಳಿಗ್ಗೆ ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುವಾಗಲೇ ಅದನ್ನು ಹುಡುಕಿಟ್ಟುಕೊಂಡಿದ್ದಳು. "ಹೊಸ ಬಟ್ಟೆ ಹರಿದ ಹಾಗೆ. ದೂರದಲ್ಲೆಲ್ಲೋ ಯಾರೋ ಕೂತು ನಿಧಾನವಾಗಿ ಹರೀತಾ ಇರೋ ಹಾಗೆ."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಅವು ನಿಂತ ಮೇಲೂ ಸ್ವಲ್ಪ ಹೊತ್ತು ನೋಡಿದ. "ಹತ್ತಿ ಬಟ್ಟೆನಾ, ರೇಷ್ಮೆನಾ?"

"ಹತ್ತಿ."

"ಹಾಗಾದ್ರೆ ಮುಂದಿನ ಬೇರಿಂಗು," ಎಂದು ನಿಟ್ಟುಸಿರು ಬಿಟ್ಟ. "ಸರಿ, ಬಿಚ್ಚೋಣ. ಒಂಚೂರು ಟೀ ಮಾಡ್ತೀಯಾ? ನೀನೂ ಇಲ್ಲೇ ಕೂತು ಕುಡಿ. ಇನ್ನೊಂದ್ಸಲ ಸರಿಯಾಗಿ ಹೇಳು, ಶುರುವಿಂದ."

ಅವಳಿಗೆ ಬೇಕಿದ್ದದ್ದು ಇಷ್ಟೇ.

ಅವಳ ಗಂಡ ಟರ್ನರ್. ಕಾರ್ಖಾನೆಯಲ್ಲಿ ಇಡೀ ಪ್ರಾಯವನ್ನು ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತು ಕಳೆದವನು. ಪಕ್ಕದಲ್ಲೇ ಕಂಪ್ರೆಸರ್ ಕೋಣೆ. ಅದರ ಗದ್ದಲ ಅವನ ಕಿವಿಯನ್ನು ದಿನಕ್ಕಿಷ್ಟು ಎಂದು ತಿಂದುಹಾಕಿತು. ತೆಳುವಾದ ಸದ್ದುಗಳು ಮೊದಲು ಹೋದವು. ಹಕ್ಕಿ ಹೋಯಿತು, ಕುಕ್ಕರಿನ ಸೀಟಿ ಹೋಯಿತು, ಫೋನು ಹೋಯಿತು, ಆಮೇಲೆ ಹೆಂಡತಿಯ ದನಿ ಹೋಯಿತು. ಲಾರಿ, ಗುಡುಗು, ತಮ್ಮನ ನಗು, ಇಂಥ ದಪ್ಪ ಸದ್ದುಗಳು ಮಾತ್ರ ಉಳಿದವು. ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದು ಒಂದು ವಾರ ಹಾಕಿ, "ಇದು ಲೋಕದ ಸದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ತಲೆಮೇಲೆ ಸುರೀತದೆ" ಎಂದು ಡ್ರಾಯರಿಗೆ ಎಸೆದ. ಮೊದಮೊದಲು ಅವಳು ಕೂಗಿ ಹೇಳುತ್ತಿದ್ದಳು. ಆದರೆ "ಉಪ್ಪು ಸಾಕಾ?" ಎಂಬುದನ್ನೂ ಕೂಗಿ ಕೇಳಿದರೆ ಅದು ಜಗಳದ ಹಾಗೆ ಕೇಳಿಸುತ್ತದೆ. ಬೀದಿಯವರು ಕಿಟಕಿಯಿಂದ ಇಣುಕುತ್ತಾರೆ. ಹಾಗಾಗಿ ಮನೆಯಲ್ಲಿ ಮಾತು ಸವೆದು ಸವೆದು ತಟ್ಟೆ ಇಡುವುದು, ತಟ್ಟೆ ಎತ್ತುವುದು ಅನ್ನುವಷ್ಟಕ್ಕೆ ಬಂದು ನಿಂತಿತು. ಮಲಗುವುದೂ ಬೇರೆ ಬೇರೆ ಕೋಣೆಯಲ್ಲಾಯಿತು. ಯಾರೂ ಹಾಗಂತ ತೀರ್ಮಾನಿಸಿರಲಿಲ್ಲ. ಅವನ ಗೊರಕೆ ನೆಪವಾಯಿತು, ಅಷ್ಟೇ.

ಕೆಲಸ ಬಿಟ್ಟು ಬಂದವನು ಹಿತ್ತಿಲ ಶೆಡ್ಡಿನಲ್ಲಿ ಹಳೆಯ ಲೇತೊಂದನ್ನು ನಿಲ್ಲಿಸಿಕೊಂಡ. ಒಂದು ದಿನ ಅವಳ ದೊಡ್ಡ ಹಿಟ್ಟಿನ ಡಬ್ಬಿ ಕಾಣೆಯಾಯಿತು. ಸ್ಟೀಲಿನದು, ಅಮ್ಮ ಕೊಟ್ಟದ್ದು. ಮನೆಯೆಲ್ಲ ತಡಕಾಡಿ ಶೆಡ್ಡಿಗೆ ಹೋದರೆ ಡಬ್ಬಿಯ ತಳ ಕತ್ತರಿಸಿ, ಸುತ್ತ ಸಾಲುಸಾಲು ತೂತು ಕೊರೆಯುತ್ತಾ ಕೂತಿದ್ದಾನೆ.

"ಅಯ್ಯೋ, ಏನ್ರೀ ಇದು!"

"ಜೆಟ್ ಎಂಜಿನ್," ಎಂದ ತಲೆಯೆತ್ತಿ ನೋಡಿ.

"ಹಿಟ್ಟು ಎಲ್ಲಿ?"

"ಬಕೆಟ್ಟಲ್ಲಿದೆ."

ಯಾಕೆ ಬೇಕಿತ್ತು ಅವನಿಗೆ? ಅದನ್ನು ಅವನು ಯಾರಿಗೂ ಸರಿಯಾಗಿ ಹೇಳಲಿಲ್ಲ. ಒಮ್ಮೆ ಮಾತ್ರ, ಚಕ್ರದ ಒಂದೊಂದೇ ಎಸಳನ್ನು ಅರದಿಂದ ಉಜ್ಜುತ್ತಾ, ತನಗೇ ಹೇಳಿಕೊಳ್ಳುವವನಂತೆ ಅಂದಿದ್ದ: "ಅಷ್ಟು ವರ್ಷ ತುಂಡುಗಳನ್ನೇ ತಿರುವಿದೆ. ಯಾವ ತುಂಡು ಎಲ್ಲಿಗೆ ಹೋಯ್ತು, ಏನಾಯ್ತು, ಒಂದೂ ಗೊತ್ತಿಲ್ಲ. ಒಂದಾದ್ರೂ ಪೂರ್ತಿ ವಸ್ತು ನನ್ನ ಕೈಯಲ್ಲೇ ಆಗ್ಲಿ." ಗುಜರಿಗೆ ಬಂದ ಲಾರಿಯೊಂದರಿಂದ ಗಾಳಿ ಒತ್ತುವ ಚಕ್ರ ಬಂತು. ಹಿಂದಿನ ಚಕ್ರವನ್ನು, ಬೆಂಕಿ ತಿಂದು ತಿರುಗುವುದನ್ನು, ತಾನೇ ಕೊರೆದ. ಎರಡೂ ಒಂದೇ ದಂಡಕ್ಕೆ ಸೇರಿದವು. ನಡುವೆ ಹಿಟ್ಟಿನ ಡಬ್ಬಿ, ಅದರೊಳಗೆ ಬೆಂಕಿ. ಮುಂದಿನ ಚಕ್ರ ಗಾಳಿಯನ್ನು ಒಳಗೆ ತುರುಕುತ್ತದೆ, ಬೆಂಕಿ ಅದನ್ನು ಉಬ್ಬಿಸಿ ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ಹಿಂದಿನ ಚಕ್ರ ತಿರುಗಿ ಮುಂದಿನದನ್ನೂ ತಿರುಗಿಸುತ್ತದೆ. ಮೊದಲು ಬ್ಲೋವರಿನಿಂದ ಊದಿ ತಿರುಗಿಸಬೇಕು, ಗ್ಯಾಸಿನಿಂದ ಬೆಂಕಿ ಹೊತ್ತಿಸಬೇಕು. ಒಮ್ಮೆ ಹಿಡಿದುಕೊಂಡಿತೆಂದರೆ ತನ್ನ ಬಾಲವನ್ನು ತಾನೇ ತಿನ್ನುತ್ತಾ ಓಡುತ್ತದೆ.

ಓಡಿತು ಕೂಡ. ಓಡಿದ ಮೇಲೆಯೇ ತೊಂದರೆ ಶುರುವಾದದ್ದು. ಆ ವೇಗದಲ್ಲಿ ಬೇರಿಂಗು ಸಾಯುವ ಮೊದಲು ತೆಳುವಾಗಿ ಅಳುತ್ತದಂತೆ. ಆ ಅಳು ಕೇಳಿದ ಕೂಡಲೇ ನಿಲ್ಲಿಸಿದರೆ ಎಂಜಿನ್ ಉಳಿಯುತ್ತದೆ. ಅವನಿಗೆ ಕೇಳಿಸದ ಸದ್ದೆಂದರೆ ಅದೇ. ಲೇತಿನ ಕಾಲದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ದವಡೆಗೂ ಒತ್ತಿ ಕೇಳುತ್ತಿದ್ದ. ಇಲ್ಲಿ ಅದೂ ನಡೆಯಲಿಲ್ಲ. ಕೊನೆಗೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ.

"ನಿನ್ನ ಕಿವಿ ಒಂಚೂರು ಬೇಕಿತ್ತು ಕಣೇ," ಎಂದ, ಪಕ್ಕದ ಮನೆಯಿಂದ ಏಣಿ ಕೇಳುವವನ ಹಾಗೆ.

ಹೀಗೆ ಅವಳು ಅವನ ಹಿಂದೆ ನಿಲ್ಲತೊಡಗಿದಳು. ಅವನ ಕಣ್ಣು ಶಾಖ ತೋರಿಸುವ ಮುಳ್ಳಿನ ಮೇಲೆ, ಕೈ ವಾಲ್ವಿನ ಮೇಲೆ. ತಿರುಗಿ ಅವಳ ಮುಖ ನೋಡಲು ಪುರಸೊತ್ತಿಲ್ಲ. ಅದಕ್ಕೆ ಅವನೇ ಒಂದು ಪದ್ಧತಿ ಮಾಡಿದ. ಅವಳ ಬಲ ಅಂಗೈ ಅವನ ಬೆನ್ನ ಮೇಲೆ, ಎರಡು ಹೆಗಲೆಲುಬುಗಳ ನಡುವೆ. ಕೈ ಅಗಲವಾಗಿ ಇದ್ದರೆ ಎಲ್ಲ ಸರಿ. ಅಂಗಿ ಹಿಡಿದು ಜಗ್ಗಿದರೆ ನಿಲ್ಲಿಸು.

ಮೊದಲ ದಿನ ಕೈ ಇಟ್ಟಾಗ ಅವಳಿಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು, ಸೀಮೆಎಣ್ಣೆ ವಾಸನೆಯ ನಡುವೆ! ಅಂಗಿಯಡಿ ಅವನ ಬೆನ್ನು ಬೆಚ್ಚಗಿತ್ತು. ಉಸಿರು ಹೋಗಿ ಬರುವುದು ಗೊತ್ತಾಗುತ್ತಿತ್ತು. ಕೊನೆಯ ಸಲ ಅವನನ್ನು ಮುಟ್ಟಿದ್ದು ಯಾವಾಗ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ಮೊದಲ ಸುಳ್ಳು ಸುಳ್ಳಾಗಿರಲಿಲ್ಲ. ಏನೋ ಕಟಕಟ ಅಂದಂತಾಗಿ ಅಂಗಿ ಜಗ್ಗಿದ್ದಳು. ಆಮೇಲೆ ನೋಡಿದರೆ ಬ್ಲೋವರಿನ ಕೊಳವೆಯ ಕ್ಲಿಪ್ಪು ಸಡಿಲವಾಗಿತ್ತು. ಅದು ಗೊತ್ತಾಗುವ ಮೊದಲು ಅವನು ಅವಳನ್ನು ಎದುರು ಕೂರಿಸಿಕೊಂಡು ಸಂಜೆಯಿಡೀ ಪ್ರಶ್ನೆ ಕೇಳಿದ. ಎಂಥಾ ಸದ್ದು, ಎಲ್ಲಿಂದ, ಏರುತ್ತಿತ್ತೋ ಇಳಿಯುತ್ತಿತ್ತೋ. ಅವಳು ಬಾಯಿ ತೆರೆದರೆ ಸಾಕು, ಮುಂದಕ್ಕೆ ಬಾಗಿ ತುಟಿ ನೋಡುತ್ತಿದ್ದ. ಮದುವೆಯಾದ ಹೊಸದರಲ್ಲೂ ಅವನು ಅವಳ ಬಾಯನ್ನು ಅಷ್ಟು ನೋಡಿದವನಲ್ಲ.

ಅದಾದ ಕೆಲವು ದಿನಕ್ಕೆ ಅವನು ಬಲು ಪ್ರೀತಿಯಿಂದಲೇ ಹೇಳಿದ: "ಒಂದು ಟ್ಯಾಂಕು ಸೀಮೆಎಣ್ಣೆ ಮುಗಿಯೋ ತನಕ ಎಲ್ಲೂ ನಿಲ್ಲದೆ ಓಡಿದ್ರೆ ಸಾಕು. ಅಲ್ಲಿಗೆ ಮುಗೀತು. ಆಮೇಲೆ ನಿನಗೆ ಈ ಕಾಟ ಇರಲ್ಲ. ನಿನ್ನ ಪಾಡಿಗೆ ನೀನು, ನನ್ನ ಪಾಡಿಗೆ ನಾನು."

ಮುಂದಿನ ಸಲ ಟ್ಯಾಂಕು ಅರ್ಧಕ್ಕೆ ಬಂದಾಗ ಅವಳ ಬೆರಳುಗಳು ತಾವಾಗಿಯೇ ಮಡಚಿಕೊಂಡವು.

ಆಮೇಲೆ ಅದು ಒಂದು ಕಸುಬೇ ಆಯಿತು. ಸದ್ದು ಹುಟ್ಟಿಸಬೇಕೆಂದರೆ ಮೊದಲು ಸದ್ದು ಗೊತ್ತಿರಬೇಕಲ್ಲ. ಅವಳು ನಿಜಕ್ಕೂ ಕಿವಿಗೊಟ್ಟು ಕೇಳುತ್ತಿದ್ದಳು, ಹೊಲಿಗೆ ಮಿಷನ್ನಿನ ಸೂಜಿ ಮೊಂಡಾದದ್ದನ್ನು ಸದ್ದಿನಲ್ಲೇ ಹಿಡಿಯುವವಳು ಅವಳು. ಎಂಜಿನ್ನಿನ ಯಾವ ಕಿರುಚು ಸಹಜ, ಯಾವುದು ಸೀಮೆಎಣ್ಣೆ ಹೆಚ್ಚಾದದ್ದು, ಯಾವುದು ಗಾಳಿ ಸಾಲದ್ದು, ಎಲ್ಲ ತಿಳಿಯತೊಡಗಿತು. ಬೇರಿಂಗಿಗೆ ಎಣ್ಣೆ ಹೋಗುವ ಸಣ್ಣ ಪಾರದರ್ಶಕ ಕೊಳವೆಯಲ್ಲಿ ಒಮ್ಮೊಮ್ಮೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತಿತ್ತು. ಗುಳ್ಳೆ ನಿಂತರೆ ಎಣ್ಣೆ ನಿಂತಂತೆ. ಬಲಗೈ ಬೆನ್ನ ಮೇಲಿರುವಾಗ ಎಡಗೈ ಉಗುರಿನಿಂದ ಕೊಳವೆಗೆ ಟಪ್ಪೆಂದು ಚಿಮ್ಮಿ ಗುಳ್ಳೆಯನ್ನು ಮುಂದೆ ಕಳಿಸುತ್ತಿದ್ದಳು. ಅವನು ಅದನ್ನು ನೋಡಿರಲಿಲ್ಲ. ಅವಳೂ ಹೇಳಿರಲಿಲ್ಲ. ಬಾಬಿನ್ನಿಗೆ ನೂಲು ಸುತ್ತುವಾಗ ಗಂಟು ಬಿಡಿಸುವುದನ್ನು ಯಾರಾದರೂ ಹೇಳಿ ಮಾಡುತ್ತಾರೆಯೇ?

ಬೀದಿಗೆ ಅದು ವಿಮಾನದ ಮನೆಯಾಗಿತ್ತು. ಎದುರುಮನೆಯ ಮೇಷ್ಟ್ರು ಪ್ಯಾಂಟು ಉದ್ದ ಮಾಡಿಸಲು ಬಂದಾಗಲೆಲ್ಲ, "ಏನಮ್ಮಾ, ನಿಮ್ಮನೆ ಹಾರೋದು ಯಾವಾಗ?" ಅನ್ನುತ್ತಿದ್ದರು.

"ಹಾರೋ ದಿನ ಹೇಳ್ತೀನಿ ಬಿಡಿ ಮೇಷ್ಟ್ರೇ, ನಿಮಗೆ ಕಿಟಕಿ ಪಕ್ಕ ಸೀಟು," ಎನ್ನುತ್ತಿದ್ದಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಆ ದಿನಗಳಲ್ಲಿ ಅವಳಿಗೆ ನಗು ಸುಲಭವಾಗಿ ಬರುತ್ತಿತ್ತು.

ಹೊಸ ಬಟ್ಟೆ ಹರಿದ ಸದ್ದು ಹೇಳಿದ ಮರುವಾರ, ಹೊಲಿದ ಬಟ್ಟೆ ಕೊಡಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನಿಂದ ಎಂಜಿನ್ನಿನ ಕೂಗು ಕೇಳಿಸಿತು. ಬೀದಿಯ ತಿರುವಿನಲ್ಲೇ ಕೇಳಿಸಿತು. ಅವಳು ಹಿಂದೆ ನಿಲ್ಲತೊಡಗಿದ ಮೇಲೆ ಅವಳಿಲ್ಲದೆ ಅದು ಯಾವತ್ತೂ ಓಡಿರಲಿಲ್ಲ. ಚೀಲ ಜಗುಲಿಯಲ್ಲೇ ಬಿಟ್ಟು ಹಿತ್ತಿಲಿಗೆ ಹೋದಳು.

ಗಂಡನ ಹಿಂದೆ ಮೈದುನ ನಿಂತಿದ್ದ. ಅವನು ಪಂಪು ರಿಪೇರಿ ಮಾಡುವವನು, ಮಾತಿನ ಮಲ್ಲ, ದೊಡ್ಡ ನಗುವಿನವನು. ಅವನ ದಪ್ಪ ಅಂಗೈ ಅಣ್ಣನ ಬೆನ್ನ ಮೇಲೆ ಅಗಲವಾಗಿ, ಆರಾಮಾಗಿ ಕೂತಿತ್ತು. ಜಗ್ಗಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡಿದಳು. ಎಂಜಿನ್ ಓಡಿತು, ಓಡಿತು, ಗಂಡ ತಾನಾಗಿಯೇ ನಿಲ್ಲಿಸುವ ತನಕ ಓಡಿತು.

"ಬನ್ನಿ ಅತ್ತಿಗೆ, ಬನ್ನಿ!" ಮೈದುನ ಕಿವಿಯ ಹತ್ತಿ ಕೀಳುತ್ತಾ ಕೂಗಿದ. "ಅದೇನೋ ಸದ್ದು ಸದ್ದು ಅಂತೀರಂತೆ, ನನಗೊಂದೂ ಕೇಳ್ಸಲಿಲ್ಲಪ್ಪ! ಬೆಣ್ಣೆಯಲ್ಲಿ ಚಾಕು ಎಳೆದ ಹಾಗಿದೆ. ಅಣ್ಣಾ, ಅತ್ತಿಗೆಗೆ ಕಿವಿ ಜಾಸ್ತಿ ಆಗಿದೆ, ನಿನಗೆ ಕಮ್ಮಿ ಆಗಿದೆ. ಇಬ್ಬರೂ ಕೂತು ಅರ್ಧ ಅರ್ಧ ಹಂಚ್ಕೊಳ್ಳಿ!"

ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದು ನಕ್ಕ. ಗಂಡ ನಗಲಿಲ್ಲ. ಅವಳನ್ನು ನೋಡಿದ. ಈ ಸಲ ತುಟಿ ನೋಡಲಿಲ್ಲ, ಕಣ್ಣು ನೋಡಿದ.

ಮರುದಿನ ಮಧ್ಯಾಹ್ನ ಅವಳು ಹೊಲಿಗೆ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಾಗ ಅವನು ಬಂದು ಒಂದು ತಗಡಿನ ಡಬ್ಬಿಯನ್ನು ಬಟ್ಟೆಯ ಮೇಲೆಯೇ ಬೋರಲು ಹಾಕಿದ. ಬೇರಿಂಗುಗಳು ಕಿಲಕಿಲನೆ ಉರುಳಿದವು. ಅವಳು ಒಂದೊಂದು ಸದ್ದು ಹೇಳಿದಾಗಲೂ ಅವನು ಬಿಚ್ಚಿ ತೆಗೆದು ಬದಲಾಯಿಸಿದವು. ಎಲ್ಲವನ್ನೂ ಒರೆಸಿ ಇಟ್ಟಿದ್ದ. ಕನ್ನಡಿಯಂತೆ ಹೊಳೆಯುತ್ತಿದ್ದವು.

"ಪ್ರತಿ ಸಲ ಭೂತಗನ್ನಡಿ ಹಿಡಿದು ನೋಡ್ತಿದ್ದೆ," ಎಂದ. "ಒಂದು ಗೀರೂ ಇರ್ತಿರ್ಲಿಲ್ಲ. ನನ್ನ ಕಣ್ಣೂ ಹೋಯ್ತೇನೋ ಅಂದ್ಕೊಂಡೆ. ಕಣ್ಣಿನ ಡಾಕ್ಟರ ಹತ್ರ ಹೋಗಿ ಬಂದೆ, ಗೊತ್ತಾ ನಿನಗೆ?"

ಅವಳಿಗೆ ಗೊತ್ತಿರಲಿಲ್ಲ.

ಒಂದು ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದು ಕೈಯಿಂದ ಚಿಮ್ಮಿ ತಿರುಗಿಸಿ, ಅವಳ ಕಿವಿಯ ಪಕ್ಕ ಹಿಡಿದ. "ಕೇಳು. ಏನಾದ್ರೂ ಇದೆಯಾ?"

"ಇಲ್ಲ."

ಇನ್ನೊಂದನ್ನು ತಿರುಗಿಸಿದ. "ಇದರಲ್ಲಿ?"

"ಇಲ್ಲ ರೀ."

"ಮತ್ತೆ ಇವು ನಿನಗೇನು ಅನ್ಯಾಯ ಮಾಡಿದ್ವು?"

ಹೇಳುವುದು ಬೇಕಾದಷ್ಟಿತ್ತು. ಟ್ಯಾಂಕು ಮುಗಿದರೆ ನನ್ನ ಕೈ ಎಲ್ಲಿಡಲಿ ಎಂದು ಕೇಳಬಹುದಿತ್ತು. ಆದರೆ ಅದನ್ನು ಅವನಿಗೆ ಕೇಳಿಸುವಂತೆ ಹೇಳಬೇಕಾದರೆ ಕೂಗಬೇಕು. ಇಂಥ ಮಾತನ್ನು ಕೂಗುವುದು ಹೇಗೆ? ನಿಧಾನವಾಗಿ, ತುಟಿ ಕಾಣುವಂತೆ ಹೇಳೋಣವೆಂದು ಅವಳು ಮುಖವೆತ್ತಿದಳು. ಅವನು ಅಷ್ಟರಲ್ಲಿ ಬೇರಿಂಗುಗಳನ್ನು ಡಬ್ಬಿಗೆ ಬಾಚಿಕೊಳ್ಳುತ್ತಿದ್ದ. ಅವನು ತಲೆ ತಗ್ಗಿಸಿದರೆ ಅವಳಿಗೆ ಬಾಯಿಲ್ಲ.

"ಜಿದ್ದು," ಎಂದ ಬಾಗಿಲಲ್ಲಿ ನಿಂತು. "ಒಂದು ಡಬ್ಬಿ ಕತ್ತರಿಸಿದೆ ಅಂತ ಇಷ್ಟು ಜಿದ್ದು."

ಅವನು ಹಾಗೆ ಅರ್ಥ ಮಾಡಿಕೊಂಡಿದ್ದ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಟ್ಟಿನ ಡಬ್ಬಿ. ಸರಿ, ಹಾಗೇ ಇರಲಿ ಎಂದುಕೊಂಡಳು. ನಿಜ ಹೇಳಿ ಅವನ ಮುಖದಲ್ಲಿ ಕನಿಕರ ನೋಡುವುದಕ್ಕಿಂತ ಜಿದ್ದಿನವಳು ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು. ಅಂದಿನಿಂದ ಮನೆಯಲ್ಲಿ ತಟ್ಟೆ ಇಡುವುದು, ಎತ್ತುವುದು ಕೂಡ ಬೇರೆಬೇರೆ ಹೊತ್ತಿಗೆ ನಡೆಯತೊಡಗಿತು.

ಭಾನುವಾರ ಬೆಳಿಗ್ಗೆ ಮೈದುನ ಬಂದ. ಟ್ಯಾಂಕು ಪೂರ್ತಿ ಓಡಿಸುವ ದಿನ. ಹಾಸ್ಯದ ಹುಮ್ಮಸ್ಸಿನಲ್ಲಿ ಒಳಗೆ ಬಂದವನು ಮನೆಯ ಗಾಳಿ ನೋಡಿ ಮೆತ್ತಗಾದ.

"ಅತ್ತಿಗೆ, ನೀವೂ ಬನ್ನಿ ಅಲ್ಲಿಗೆ. ಅಣ್ಣಂಗೆ ನಾನ್ ಹೇಳ್ತೀನಿ."

"ನನಗೆ ಹೊಲಿಗೆ ಇದೆ."

"ಅಲ್ಲ ಅತ್ತಿಗೆ, ನಾನೇನೋ ತಮಾಷೆಗೆ ಅಂದೆ. ನನ್ನ ಬಾಯಿಗೆ ಬೀಗ ಇಲ್ಲ, ನಿಮಗೆ ಗೊತ್ತೇ ಇದೆಯಲ್ಲ. ಇಷ್ಟಾಗುತ್ತೆ ಅಂತ..."

"ನೀನೇನೂ ಮಾಡಿಲ್ಲಪ್ಪ. ಹೋಗು, ನಿಮ್ಮಣ್ಣ ಕಾಯ್ತಿದ್ದಾರೆ."

ಅವನು ತಲೆ ಕೆರೆದುಕೊಳ್ಳುತ್ತಾ ಹೋದ. ಕೊಳವೆಯಲ್ಲಿ ಗುಳ್ಳೆ ಬಂದರೆ ಉಗುರಿನಿಂದ ಚಿಮ್ಮು ಎಂಬ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ಕೂತಿತು.

ಹೊಲಿಗೆ ಕೋಣೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ತುದಿಯಲ್ಲಿ ಗವಾಕ್ಷಿ. ಮೊದಲು ಬ್ಲೋವರ್ ಊದಿತು. ಗ್ಯಾಸು ಹೊತ್ತಿ ಬುಸ್ಸೆಂದಿತು. ಸೀಮೆಎಣ್ಣೆ ಹಿಡಿದುಕೊಂಡು ಚಕ್ರ ಏರತೊಡಗಿತು. ಅವಳು ಕೈಯಲ್ಲಿದ್ದ ಲಂಗದ ಅಂಚನ್ನು ಮುಗಿಸಿ, ನೂಲು ಕಡಿದು, ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ಮುಂದಿನದನ್ನು ಎತ್ತಿಕೊಳ್ಳಲಿಲ್ಲ. ಕಾಲು ಪೆಡಲಿನ ಮೇಲೆ ಸುಮ್ಮನಿತ್ತು. ಸೊಗಸಾಗಿ ಓಡುತ್ತಿತ್ತು ಎಂಜಿನ್. ಇಷ್ಟು ಸೊಗಸಾಗಿ ಓಡುವುದನ್ನೇ ಅವಳು ಇಷ್ಟು ದಿನ ನಿಲ್ಲಿಸುತ್ತಿದ್ದದ್ದು. ಟ್ಯಾಂಕು ಅರ್ಧ ದಾಟಿರಬೇಕು, ಎಂದುಕೊಂಡಳು. ಅವಳ ಬಲ ಅಂಗೈ ಮಿಷನ್ನಿನ ತಣ್ಣನೆಯ ಮೈ ಮೇಲೆ ಅಗಲವಾಗಿ ಬಿದ್ದಿತ್ತು.

ಆಗ ಕೇಳಿಸಿತು.

ಮೊದಲು ನಂಬಲಿಲ್ಲ. ಕಿರುಚಿನ ಅಡಿಯಿಂದ, ಎಲ್ಲೋ ದೂರದಿಂದ, ಯಾರೋ ಕೂತು ಹೊಸ ಬಟ್ಟೆಯನ್ನು ನಿಧಾನವಾಗಿ ಹರಿಯುತ್ತಿದ್ದರು. ಹತ್ತಿ ಬಟ್ಟೆ. ಅವಳು ಪ್ಯಾಂಟಿನ ಅಂಚು ಮಡಚುತ್ತಾ ಹುಟ್ಟಿಸಿದ ಸದ್ದು, ಎಂಜಿನ್ ಅದನ್ನು ಎಲ್ಲಿಂದಲೋ ಕಲಿತುಕೊಂಡು ಬಂದು ಆಡುತ್ತಿತ್ತು. ಗುಳ್ಳೆ, ಎಂದುಕೊಂಡಳು. ಎಣ್ಣೆ ನಿಂತಿದೆ. ಬೇರಿಂಗು ಒಣಗುತ್ತಿದೆ. ಮೈದುನನ ಕಿವಿ ದಪ್ಪ ಪಂಪುಗಳ ಕಿವಿ, ಅವನಿಗಿದು ಸಿಗುವುದಿಲ್ಲ.

ಹಿತ್ತಿಲ ಬಾಗಿಲು ತೆರೆದೇ ಇತ್ತು. ಎದ್ದು ಹೋಗಿ ಅಂಗಿ ಹಿಡಿದು ಜಗ್ಗಿದರೆ ಮುಗಿಯಿತು. ಜಗ್ಗಿದರೆ ಅವನು ತಿರುಗಿ ನೋಡುತ್ತಾನೆ. ಮತ್ತೆ ಶುರು ಮಾಡಿದಳು, ಎನ್ನುತ್ತಾನೆ. ತಮ್ಮನ ಎದುರಿಗೇ ಎನ್ನುತ್ತಾನೆ. ಅಥವಾ ಅನ್ನುವುದೂ ಇಲ್ಲ, ಬೆನ್ನು ಕೊಡವಿ ಅವಳ ಕೈಯನ್ನು ಬೀಳಿಸಿ ಮುಳ್ಳು ನೋಡುತ್ತಾನೆ. ಅವಳು ಅರ್ಧ ಎದ್ದಳು. ಚಕ್ರದ ಸುತ್ತ ಕಬ್ಬಿಣದ ಹಲಗೆ ಇದೆ, ಮರಳಿನ ಚೀಲಗಳಿವೆ, ಯಾರಿಗೂ ಏನೂ ಆಗುವುದಿಲ್ಲ ಎಂಬುದು ನೆನಪಾಯಿತು. ಹೋಗುವುದಾದರೆ ಎಂಜಿನ್ನು ಮಾತ್ರ. ಅವಳು ಮತ್ತೆ ಕೂತಳು.

ಹರಿಯುವ ಸದ್ದು ಹತ್ತಿರ ಬರುತ್ತಿತ್ತು.

ಅವಳು ಪೆಡಲು ಒತ್ತಿದಳು. ಮಿಷನ್ ಗಡಗಡನೆ ಓಡಿತು. ಇನ್ನೂ ಜೋರಾಗಿ ತುಳಿದಳು, ಮೇಜು ಅದುರಿ ಕತ್ತರಿ ಕೆಳಗೆ ಬಿತ್ತು. ಸೂಜಿ ಏರಿಳಿಯುವುದನ್ನೇ ನೋಡುತ್ತಾ ತುಳಿದಳು. ಆ ಗಡಗಡದ ಆಚೆ ಏನೋ ಚೀರಿ, ಕಬ್ಬಿಣಕ್ಕೆ ಕಬ್ಬಿಣ ಬಡಿದು, ಠಣ್ಣೆಂದು ನಿಂತಿತು. ಮೈದುನನ ಕೂಗು, ಮರಳು ಚೆಲ್ಲಿದ ಸದ್ದು, ಆಮೇಲೆ ಏನೂ ಇಲ್ಲ. ಅವಳ ಕಾಲು ಮಾತ್ರ ನಿಂತಿರಲಿಲ್ಲ.

ಗಂಡ ಒಳಗೆ ಬಂದಾಗಲೂ ತುಳಿಯುತ್ತಿದ್ದಳು. ಅವನ ಕೈಯಲ್ಲಿ ಇಕ್ಕಳ, ಇಕ್ಕಳದ ಬಾಯಲ್ಲಿ ಹಿಂದಿನ ಚಕ್ರ. ಎಸಳುಗಳೆಲ್ಲ ಮುದುರಿ, ಒಂದು ಕಡೆ ಬೋಳಾಗಿ, ನೀಲಿಗಪ್ಪಾಗಿತ್ತು. ಸುಟ್ಟ ಎಣ್ಣೆಯ ನಾತ ಕೋಣೆ ತುಂಬಿತು. ಅವಳು ಕಾಲೆತ್ತಿದಳು.

ಅವನ ಮುಖದಲ್ಲಿ ಕೋಪವಿರಲಿಲ್ಲ. ದಾರಿ ತಪ್ಪಿದವನು ಯಾರನ್ನೋ ವಿಳಾಸ ಕೇಳುವಂತಿದ್ದ.

"ತಮ್ಮನಿಗೆ ಏನೂ ಕೇಳಿಸ್ಲಿಲ್ವಂತೆ. ಇಲ್ಲಿಗೇನಾದ್ರೂ ಕೇಳಿಸ್ತಾ ನಿನಗೆ? ಒಡೆಯೋಕೆ ಮುಂಚೆ?"

ಎಷ್ಟೋ ದಿನಗಳ ಮೇಲೆ ಅವನು ಮತ್ತೆ ಅವಳ ತುಟಿಗಳನ್ನು ನೋಡುತ್ತಿದ್ದ. ಮುಂದಕ್ಕೆ ಬಾಗಿ, ಉಸಿರು ಹಿಡಿದು ನೋಡುತ್ತಿದ್ದ. ಅವಳು ಒಂದೊಂದೇ ಅಕ್ಷರವನ್ನು ಬಿಡಿಸಿ, ಚೆನ್ನಾಗಿ ಕಾಣುವಂತೆ ಹೇಳಿದಳು.

"ಇಲ್ಲ. ಹೊಲೀತಾ ಇದ್ದೆ."

ಅವನು ತಲೆಯಾಡಿಸಿದ. ಹೋಗಲು ತಿರುಗಿದವನ ಕಣ್ಣು ಮಿಷನ್ನಿನ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಸೂಜಿಯಲ್ಲಿ ನೂಲೂ ಇರಲಿಲ್ಲ, ಅದುರಿ ಅದುರಿ ಹೊರಬಂದು ಮೇಜಿನ ಅಂಚಿನಲ್ಲಿ ಜೋತಾಡುತ್ತಿತ್ತು. ಹೊಲಿದು ಮುಗಿದ ಬಟ್ಟೆಗಳು ಅತ್ತ ಮಡಚಿದಂತೆ, ಹೊಲಿಯಬೇಕಾದವು ಇತ್ತ ಗಂಟು ಕಟ್ಟಿದಂತೆ ಇದ್ದವು. ಅವನು ಬಿಡುವಿದ್ದ ಕೈಯಿಂದ ಮಿಷನ್ನಿನ ಚಕ್ರವನ್ನು ಮುಟ್ಟಿ ನೋಡಿದ. ಹೊರಡುವ ಮೊದಲು ಸೂಜಿ ಮೇಲೆ ಬರುವಷ್ಟು, ಮೆಲ್ಲಗೆ ತಿರುಗಿಸಿ ನಿಲ್ಲಿಸಿದ.

"ಬಟ್ಟೆ ಇಲ್ಲದೆ ಓಡಿಸಬೇಡ," ಎಂದ. "ಬಟ್ಟೆ ತಳ್ಳೋ ಹಲ್ಲು ಸವೆಯುತ್ತೆ."